ಡಬ್ಬಿಯ ತಳದ ಹೆಸರು

ಭಾನುವಾರ, ಬೆಳಗಿನ ಜಾವ ಎರಡು ಮುಕ್ಕಾಲು

ಪ್ರೀತಿಯ ಅಕ್ಕ,

ಎರಡೂವರೆಗೆ ಎಚ್ಚರವಾಯಿತು. ಮಗು ಅತ್ತಿದ್ದಲ್ಲ. ಅಡುಗೆಮನೆಯಲ್ಲಿ ಪರಪರ ಎಂದು ಟೇಪು ಎಳೆಯುವ ಸದ್ದು. ಇವರು ತಮ್ಮ ಚಾಕುಗಳನ್ನು ಒಂದೊಂದಾಗಿ ಹಳೆಯ ಟವೆಲ್ಲಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾರೆ. ಮಗು ಏಳದಿರಲಿ ಎಂದು ಟೇಪನ್ನು ಗೇಣುಗೇಣಾಗಿ ಎಳೆಯುತ್ತಾರೆ, ಅದರಿಂದಲೇ ಸದ್ದು ಮುಗಿಯುತ್ತಿಲ್ಲ.

ನಾಲ್ಕು ಗಂಟೆಗೆ ನಿನಗೆ ಟೀ ಬಿಡುವು, ಆಗ ವಾರ್ಡಿನಿಂದ ಬಂದು ಲಾಕರಿನಿಂದ ಫೋನ್ ತೆಗೆಯುತ್ತೀ ಎಂದು ಗೊತ್ತು. ಅದಕ್ಕೇ ಕಾಗದದಲ್ಲಿ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಫೋನಿನಲ್ಲೇ ಬರೆದರೆ ಅಳಿಸಿ ಅಳಿಸಿ ಕೊನೆಗೆ ನನಗೆ ಒಳ್ಳೆಯದಾಗಿ ಕಾಣುವಷ್ಟನ್ನೇ ಉಳಿಸುತ್ತೇನೆ. ಕಾಗದದಲ್ಲಾದರೆ ಹೊಡೆದುಹಾಕಿದ್ದೂ ನಿನಗೆ ಕಾಣುತ್ತದೆ.

ನಾವು ಮಾತಾಡಿಕೊಂಡದ್ದು ಹೀಗೆ: ಇವರು ಆರು ಗಂಟೆಯ ಗಾಡಿಗೆ ಹೊಸ ಹೋಟೆಲಿನ ಊರಿಗೆ ಹೊರಡುತ್ತಾರೆ, ನಾನು ಮಗುವನ್ನು ಎತ್ತಿಕೊಂಡು ಎಂಟರ ಬಸ್ಸಿಗೆ ನಿನ್ನ ಮನೆಗೆ ಬರುತ್ತೇನೆ. ನೀನು ಕಿಟಕಿ ಇರುವ ಕೋಣೆ ಖಾಲಿ ಮಾಡಿದ್ದೀ, ತೊಟ್ಟಿಲಿಗೆ ಬಣ್ಣ ಹೊಡೆದಿದ್ದೀ. ಆ ಮಾಂಸದ ವಾಸನೆಯಲ್ಲಿ ಮಗು ಬೆಳೆಯೋದು ಬೇಡ ಕಣೇ, ನೀನಾದರೂ ಎಷ್ಟು ಅಂತ ಸಹಿಸ್ತೀಯ ಅಂತ ನೀನೇ ಅಂದೆ. ನಾನು ಹೂಂ ಅಂದೆ.

ಅಕ್ಕ, ನಾನು ಸಹಿಸುತ್ತಿರಲಿಲ್ಲ. ತಿನ್ನುತ್ತಿದ್ದೆ.

ಇನ್ನು ಹೇಳಿಬಿಡುತ್ತೇನೆ.

ಇವರು ಅಡುಗೆ ಮಾಡುವ ಹೋಟೆಲು ಎಂಥದ್ದು ಅಂತ ನಿನಗೆ ಗೊತ್ತಲ್ಲ, ಬೇರೆ ಕಡೆ ಸಿಗದ ಮಾಂಸ ತಿನ್ನಲಿಕ್ಕೆಂದೇ ಜನ ಬರುವ ಜಾಗ. ಮದುವೆಯಾದ ಹೊಸದರಲ್ಲಿ ಇವರು ಮಧ್ಯಾಹ್ನ ಹೋದರೆ ರಾತ್ರಿ ಹನ್ನೊಂದಕ್ಕೆ ಬರುವುದು. ಅಲ್ಲಿಯವರೆಗೆ ನಾನು, ನಾಲ್ಕು ಗೋಡೆ, ಎದುರು ಮಹಡಿಯವರು ಒಣಗಿಹಾಕಿದ ಬಟ್ಟೆ. ಯಾವ ಅಂಗಿ ಯಾರದು ಎಂದು ಬಾಯಿಪಾಠ ಆಗಿಹೋಗಿತ್ತು. ಇವರು ಬಂದ ಕೂಡಲೇ ಅಂಗೈಯಗಲದ ಒಂದು ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಿದ್ದರು. ಅವರ ಅಡುಗೆಮನೆಯ ಪದ್ಧತಿ ಅದು. ಹೊಸ ಮಾಂಸ ಬಂದರೆ ಹೆಸರಿನ ಚೀಟಿಯನ್ನು ಡಬ್ಬಿಯ ತಳಕ್ಕೆ ಅಂಟಿಸುತ್ತಾರೆ. ಕೆಲಸದವರೆಲ್ಲ ಮೊದಲು ರುಚಿ ನೋಡಿ ಇಂಥದ್ದು ಎಂದು ಹೇಳಬೇಕು, ಆಮೇಲೆ ತಿರುಗಿಸಿ ಓದಬೇಕು. ಹೆಸರು ಮೊದಲೇ ಗೊತ್ತಾದರೆ ನಾಲಿಗೆ ಸುಳ್ಳು ಹೇಳುತ್ತೆ ಅನ್ನುತ್ತಾರಂತೆ ಅವರ ದೊಡ್ಡ ಅಡುಗೆಯವರು.

ಮೊದಮೊದಲು ನಾನು ತಲೆಯಾಡಿಸುತ್ತಿದ್ದೆ. ಇವರೂ ಬಲವಂತ ಮಾಡಲಿಲ್ಲ. ತಿನ್ನೋದು ಬಿಡೋದು ನಿನ್ನಿಷ್ಟ ಅಂತ ಒಬ್ಬರೇ ತಿಂದು, ಒಬ್ಬರೇ ತಿರುಗಿಸಿ ಓದಿ, ಡಬ್ಬಿ ತೊಳೆದಿಡುತ್ತಿದ್ದರು. ಆ ಒಬ್ಬರೇ ಓದುವುದನ್ನು ನೋಡಲಾಗಲಿಲ್ಲ. ಒಂದು ರಾತ್ರಿ ಕಣ್ಣು ಮುಚ್ಚಿ ಬಾಯಿ ತೆರೆದೆ.

ಉಷ್ಟ್ರಪಕ್ಷಿಯನ್ನು ಕುರಿ ಅಂದೆ. ಮೊಸಳೆಗೆ, ಕೋಳಿ ಈಜು ಕಲಿತ ಹಾಗಿದೆ ಅಂದೆ. ಬಸವನಹುಳು ತಂದ ದಿನ ಇದು ನಿಮ್ಮ ಹಳೇ ಚಪ್ಪಲಿ ಅಂದಾಗ ನಗುತ್ತಾ ನಗುತ್ತಾ ನೆಲದ ಮೇಲೆ ಕೂತುಬಿಟ್ಟರು, ಆಯ್ತು ತಾಯಿ, ನಾಳೆ ಇನ್ನೊಂದು ಕಾಲಿಂದು ತರ್ತೀನಿ ಅಂದರು. ಕುದುರೆ ತುಸು ಸಿಹಿ, ಅದನ್ನು ತಿಂದು ಎರಡು ದಿನ ಮನಸ್ಸು ಸರಿ ಇರಲಿಲ್ಲ. ಒಂದೇ ಒಂದು ಸಲ ಬಾಯಿಗಿಟ್ಟ ಕೂಡಲೇ ಸರಿಯಾಗಿ ಹೇಳಿದೆ. ಅರೆ, ಹೇಗೆ ಗೊತ್ತಾಯ್ತು ಅಂತ ಬೆರಗಾದರು. ಸುಮ್ಮನೆ ಬಾಯಿಗೆ ಬಂತು ಅಂದೆ.

ರುಚಿಗೆ ತಿಂದೆಯಾ ಎಂದು ಕೇಳಿದರೆ ನನಗೆ ಗೊತ್ತಿಲ್ಲ ಅಕ್ಕ. ಆ ಹತ್ತು ನಿಮಿಷ ಮನೆಯಲ್ಲಿ ಇಬ್ಬರಿರುತ್ತಿದ್ದೆವು.

ಆಮೇಲೆ ಬಾಣಂತನಕ್ಕೆ ನೀನು ಬಂದೆ. ನಾಲ್ಕನೆಯ ದಿನ ಹಾಲಿಗೆಂದು ಫ್ರಿಜ್ ತೆಗೆದವಳು ಡಬ್ಬಿ ಎತ್ತಿ ತಳ ಓದಿದೆ. ಮೊಲ ಎಂದಿತ್ತು. ನೀನೂ ತಿಂತೀಯಾ ಅಂತ ನನ್ನ ಮೊಣಕೈ ಹಿಡಿದೆ, ನಿನ್ನ ಬೆರಳು ತಣ್ಣಗಿದ್ದವು. ಇವರು ಬಾಗಿಲಲ್ಲೇ ನಿಂತಿದ್ದರು, ಭುಜದ ಮೇಲೆ ಮಗು. ನಾನು ಅಂದದ್ದು ನಿನಗೆ ನೆನಪಿರುತ್ತದೆ: ಛೀ, ಅದೆಲ್ಲ ಇವರದು, ನನಗೆ ವಾಸನೆಗೇ ವಾಂತಿ ಬರುತ್ತೆ.

ಇವರು ತಲೆ ತಗ್ಗಿಸಿದರು. ತಪ್ಪು ಒಪ್ಪಿಕೊಂಡರು ಎಂದುಕೊಂಡಿರುತ್ತೀ. ತಿಂಗಳಿರಬೇಕಾದವಳು ನೀನು ಆ ಸಂಜೆಯೇ ಹೊರಟೆ. ಮರುದಿನದಿಂದ ಡಬ್ಬಿಯೂ ಬರಲಿಲ್ಲ. ಊಟ ಅಲ್ಲೇ ಮುಗಿಸಿ ಬರುತ್ತಾರೆ, ಎರಡೆರಡು ಸಲ ಸೋಪು ಹಾಕಿ ಕೈ ತೊಳೆದ ಮೇಲೇ ಮಗುವನ್ನು ಮುಟ್ಟುತ್ತಾರೆ. ಆರು ತಿಂಗಳಾಯಿತು. ಹೊಸ ಊರಿಗೆ ನೀನೂ ಬಾ ಎಂದು ಕರೆಯಲಿಲ್ಲ. ಅಲ್ಲೂ ಇದೇ ಕೆಲಸ, ನಿನಗೆ ವಾಸನೆ ಆಗಲ್ವಲ್ಲ, ಅಕ್ಕನ ಹತ್ರ ಆರಾಮಾಗಿರು ಅಂದರು. ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ನಿನಗೆ ಸುಳ್ಳು ಯಾಕೆ ಹೇಳಿದೆ ಎಂದರೆ, ಹರಿದ ಕಿವಿಯ ನಿನ್ನ ಆ ಮೊಲದಿಂದ ಶುರುಮಾಡಬೇಕು. ನಿನಗೆ ಹನ್ನೆರಡು, ನನಗೆ ಏಳು. ಅಪ್ಪ ಮಾರಲಿಕ್ಕೆಂದು ಹಿತ್ತಿಲಲ್ಲಿ ಮೊಲ ಸಾಕುತ್ತಿದ್ದರು, ಕೊಯ್ಯಬಾರದ್ದರ ಕಾಲಿಗೆ ಕೆಂಪು ದಾರ ಕಟ್ಟುತ್ತಿದ್ದರು. ನಿನ್ನದಕ್ಕೂ ದಾರವಿತ್ತು. ಆದರೂ ಅದನ್ನೇ ಕೊಯ್ದರು. ದಾರ ಇರಲಿಲ್ಲ ಮಗಳೇ ಅಂತ ಎಷ್ಟು ಹೇಳಿದರೂ ನೀನು ನಂಬಲಿಲ್ಲ, ಅವರು ಸಾಯುವವರೆಗೂ ನೆಟ್ಟಗೆ ಮಾತಾಡಲಿಲ್ಲ. ಅವತ್ತು ನೀನು ಮಾಂಸ ಬಿಟ್ಟೆ, ನಾನೂ ಬಿಟ್ಟೆ ಅಂದೆ. ಎಲ್ಲರೂ ನನ್ನನ್ನು ಅಕ್ಕನ ಬಾಲ ಅನ್ನುತ್ತಿದ್ದರಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ನೀನಿಲ್ಲದಿದ್ದರೂ ಗೆಳತಿಯರನ್ನೆಲ್ಲ ಬಿಟ್ಟು ತರಕಾರಿಯ ಸಾಲಿನಲ್ಲಿ ಒಬ್ಬಳೇ ನಿಂತೆ.

ಬಿಟ್ಟದ್ದು ನಿನಗಾಗಿ, ತಿಂದದ್ದು ಇವರಿಗಾಗಿ. ನಿನ್ನೆ ಮಗುವಿಗೆ ಮೊದಲ ಸಲ ಆಲೂಗಡ್ಡೆ ಬೇಯಿಸಿ, ಹಿಸುಕಿ ಬಾಯಿಗಿಟ್ಟೆ. ತುಟಿ ಬಿಗಿದು ಮುಖ ತಿರುಗಿಸಿದಳು. ಅಷ್ಟೇ, ಬೇಡ ಅಂದರೆ ಬೇಡ. ನೋಡುತ್ತಾ ಕೂತಿದ್ದ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ನನಗೆ ಇವರ ಜೊತೆ ಹೋಗಬೇಕು ಅಕ್ಕ. ತಿನ್ನುತ್ತೇನೋ ಬಿಡುತ್ತೇನೋ, ಆ ಮೇಜಿನ ಎದುರು ಕೂರಬೇಕು. ಹಾಗಾದರೆ ಹೋಗಿ ಹೇಳು ಅನ್ನುತ್ತೀ. ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋದೆ. ನೀರು ಬೇಕಾ ಅಂತ ಕೇಳಿದರು. ಹೂಂ ಅಂದು, ನೀರು ಕುಡಿದು ಬಂದೆ. ಈಗ ನಾನೊಬ್ಬಳೇ ಏನು ಹೇಳಿದರೂ ಹೋಗುವ ಹೊತ್ತಿನ ಸಮಾಧಾನದ ಮಾತಾಗುತ್ತದೆ. ಸುಳ್ಳು ಹೇಳಿದ್ದು ನಿನ್ನ ಎದುರಿಗೆ, ನಿಜವೂ ನಿನ್ನ ಕಿವಿಗೆ ಬೀಳುವ ಹಾಗೇ ಆಗಬೇಕು. ನೀನು ಫೋನ್ ಮಾಡಿದರೆ ಸ್ಪೀಕರ್ ಹಾಕಿಕೊಂಡು ಅಡುಗೆಮನೆಗೆ ಹೋಗುತ್ತೇನೆ. ನೀನು ಮಾತಾಡದಿದ್ದರೂ ಸರಿ, ಬೈದರೂ ಸರಿ, ಆ ಕಡೆ ನೀನಿದ್ದರೆ ಸಾಕು.

ನಿನ್ನ
ಬಾಲ

ತಾ.ಕ.: ಈ ಮುಂದಿನದನ್ನು ಬರೆಯದೆ ಫೋಟೊ ತೆಗೆದಿದ್ದೆ, ಕಳಿಸಲು ಕೈ ಬರಲಿಲ್ಲ. ಬಾಯಿಗಿಟ್ಟ ಕೂಡಲೇ ನಾನು ಸರಿಯಾಗಿ ಹೇಳಿದ್ದು ಮೊಲವನ್ನು. ಆ ರುಚಿ ನನಗೆ ಏಳನೆಯ ವಯಸ್ಸಿನಿಂದಲೇ ಗೊತ್ತಿತ್ತು. ನೀನು ಬಾಗಿಲು ಹಾಕಿಕೊಂಡು ಅಳುತ್ತಿದ್ದಾಗ ಅಪ್ಪನ ತಟ್ಟೆಯಿಂದ ತಿಂದೆ. ಅಪ್ಪ ಸುಳ್ಳು ಹೇಳಿರಲಿಲ್ಲ ಅಕ್ಕ, ದಾರ ಇರಲಿಲ್ಲ. ಹಿಂದಿನ ಸಂಜೆ ಬಿಚ್ಚಿದವಳು ನಾನು. ಆ ಮೊಲ ಬಂದ ಮೇಲೆ ನೀನು ಅದರ ಪೆಟ್ಟಿಗೆಯ ಪಕ್ಕವೇ ಮಲಗುತ್ತಿದ್ದೆ, ನನ್ನ ಹಾಸಿಗೆಯಲ್ಲಿ ನಿನ್ನ ಜಾಗ ತಣ್ಣಗಿರುತ್ತಿತ್ತು. ಇದನ್ನು ಓದಿದ ಮೇಲೂ ನಿನ್ನ ಕೈ ಫೋನಿನ ಕಡೆ ಹೋದರೆ ತಡೆಯಬೇಡ. ಅಡುಗೆಮನೆಯಲ್ಲಿ ಟೇಪಿನ ಸದ್ದು ನಿಂತಿದೆ. ಬೆಳಗಾಗುವುದರೊಳಗೆ ಫೋನ್ ಮಾಡು ಅಕ್ಕ, ಇವರು ಮನೆ ಬಿಡುವ ಮುಂಚೆ, ಒಂದೇ ಒಂದು ಸಲ.