ಮಾತ್ರೆ ಮಂಜೂರಾದ ಬಗೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ 'ರೀ'ಗೆ,

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ಬಂಧುಗಳೇ, ಹಿಂದಿನ ಸಾಲಿನಲ್ಲಿ ಮೆಲ್ಲಗೆ ಚಪ್ಪಲಿ ಹುಡುಕುತ್ತಿರುವ ಮಿತ್ರರೇ! ಒಂದು ಸಾಧಾರಣ ಕುಟುಂಬಕ್ಕೆ ಒಂದು ಅಸಾಧಾರಣ ಬೆಲೆಯ ಮಾತ್ರೆ ದಕ್ಕಿದ್ದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತಾಡಲು ನನಗೆ ಅವಕಾಶ ಕೊಟ್ಟದ್ದಕ್ಕೆ ಆಭಾರಿಯಾಗಿದ್ದೇನೆ. ಅವಕಾಶ ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಫೋನಿನಲ್ಲಾದರೆ ನೀವು "ಸೈಟಿನಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಅಂದುಬಿಡುತ್ತೀರಿ. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಅದಕ್ಕೂ ಮೊದಲು ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ.

ಮೊದಲು ಕ್ಷೇಮಸಮಾಚಾರ. ನಿಮ್ಮ ಬೆನ್ನುನೋವು ಹೇಗಿದೆ? ಸೊಂಟದ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಅದು ಕುರ್ಚಿಗೆ ಕಟ್ಟಿದ ಹಾಗೇ ಇದೆಯೋ? ಕ್ಯಾಂಟೀನಿನವನು ಇನ್ನೂ ಎಲ್ಲವನ್ನೂ ಎಣ್ಣೆಯಲ್ಲಿ ಈಜಿಸುತ್ತಾನೆಯೇ? ನಿಮ್ಮ ಕಂಪನಿ ಕಟ್ಟುತ್ತಿರುವ ಸೇತುವೆ ಎಲ್ಲಿಯವರೆಗೆ ಬಂತು? ಅತ್ತೆ ಚೆನ್ನಾಗಿದ್ದಾರೆ. ಮುಖದಲ್ಲಿ ಬಣ್ಣ ಬಂದಿದೆ, ಬಾಯಲ್ಲಿ ಬೈಗುಳ ಬಂದಿದೆ. ಎರಡೂ ಒಳ್ಳೆಯ ಲಕ್ಷಣ ಅಂತ ಡಾಕ್ಟರೇ ಹೇಳಿದರು. ನಾನು ಕನ್ನಡಕದ ಅಂಗಡಿಯಲ್ಲಿ ಎಂದಿನಂತೆ ಇದ್ದೇನೆ. ಬಾಗಿಲಿನ ಬೋರ್ಡಿಗೆ ಹೊಸದೊಂದು ಬರೆದುಕೊಟ್ಟೆ: 'ಅಕ್ಷರ ಮಸುಕೇ? ಒಳಗೆ ಬನ್ನಿ, ಮಸುಕನ್ನಿಲ್ಲೇ ಬಿಟ್ಟು ನಡೆಯಿರಿ'. ಯಜಮಾನರು "ಪ್ರಾಸ ಸರಿಯಾಗಿ ಕೂತಿಲ್ಲ, ಆದರೂ ಗಿರಾಕಿ ಕೂರ್ತಾರೆ" ಅಂದರು. ಅತ್ತೆ ಮಾತ್ರ "ಡಾಕ್ಟರು ನನಗೆ ಉಪ್ಪು ಬಿಡು ಅಂದ್ರು, ನಿನಗೆ ಪ್ರಾಸ ಬಿಡು ಅನ್ನೋರು ಯಾರೂ ಇಲ್ವೇನೇ?" ಅನ್ನುತ್ತಾರೆ.

ಈಗ ಸುದ್ದಿ. ಕಳೆದ ತಪಾಸಣೆಯಲ್ಲಿ ಡಾಕ್ಟರು ಅತ್ತೆಯ ರಕ್ತದ ವರದಿ ನೋಡಿ, ಮಾತ್ರೆ ಕೆಲಸ ಮಾಡುತ್ತಿದೆ, ಯಾವ ಕಾರಣಕ್ಕೂ ನಿಲ್ಲಿಸಬೇಡಿ, ನಿಲ್ಲಿಸಿದರೆ ಕ್ಯಾನ್ಸರ್ ತಿರುಗಿ ಬರುತ್ತೆ ಅಂದರು. ತಿರುಗಿ ಬರುವ ವಿಷಯದಲ್ಲಿ ಕಾಯಿಲೆಗೆ ಇರುವ ನಿಷ್ಠೆ ದೊಡ್ಡದು. ಡಬ್ಬಿಯಲ್ಲಿ ಉಳಿದಿದ್ದದ್ದು ಎರಡು ವಾರದ ಮಾತ್ರೆ. ಡಬ್ಬಿಯೊಂದಕ್ಕೆ ನನ್ನ ಎರಡು ತಿಂಗಳ ಸಂಬಳ ಎನ್ನುವುದು ನಿಮಗೆ ಗೊತ್ತೇ ಇದೆ. ಆ ಡಬ್ಬಿಗೇ ಅಂಗಡಿಯ ಯಜಮಾನರಿಂದ ಮುಂಗಡ ತೆಗೆದುಕೊಂಡಿದ್ದೆ, ಇನ್ನೊಮ್ಮೆ ಕೇಳಲು ಮುಖ ಬೇಕಲ್ಲ. ನೀವು ಹಣ ಕಳಿಸುವುದು ನಿಂತದ್ದಕ್ಕೆ, ಕಂಪನಿ ಎಲ್ಲರ ಸಂಬಳ ತಡೆಹಿಡಿದಿದೆ ಎಂದು ನೀವು ಹೇಳಿದ ಕಾರಣವನ್ನೇ ಅತ್ತೆಗೆ ಹೇಳಿದೆ, ಯಜಮಾನರಿಗೆ ಹೇಳಿದೆ, ದಿನಸಿಯವನಿಗೆ ಹೇಳಿದೆ. ಹೇಳಿ ಹೇಳಿ ಬಾಯಿಪಾಠವಾಗಿದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ಅತ್ತೆಗೆ ಆ ಮಾತ್ರೆಯ ಮೇಲೆ ಎಂಥ ಅಭಿಮಾನ ಅಂತೀರಿ! ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನೋಡುತ್ತಾರೆ. "ಇದೊಂದಕ್ಕೆ ಒಂದು ವಾರದ ಊಟ ಬರುತ್ತಲ್ಲೇ, ಸುಮ್ಮನೆ ನುಂಗೋಕೆ ಮನಸ್ಸೇ ಬರಲ್ಲ, ಅಗಿದು ತಿನ್ನೋಣ ಅನ್ಸುತ್ತೆ" ಅನ್ನುತ್ತಾರೆ. ಪಕ್ಕದ ಮನೆಯಾಕೆ ಗೋಡೆಯಾಚೆ ಬಟ್ಟೆ ಒಣಗಿಸಲು ಬಂದರೆ ಸಾಕು, "ನನ್ನ ಮಗ ಕಳಿಸೋ ಮಾತ್ರೆ ಕಣಮ್ಮ, ರಾಜರ ಮನೆಯವರಿಗೂ ಸಿಕ್ಕಿರಲಿಲ್ಲ" ಎಂದು ಶುರು. ಮುಂಗಡ ತಂದು ಕೊಂಡದ್ದೂ ನಿಮ್ಮ ಮಾತ್ರೆಯೇ. ನಾನು ತಿದ್ದಲಿಲ್ಲ. ಆ ಹೆಮ್ಮೆಯೂ ಅರ್ಧ ಔಷಧಿಯೇ ಇರಬಹುದು ಅಂದುಕೊಂಡೆ.

ಡಾಕ್ಟರೇ ದಾರಿ ತೋರಿಸಿದರು. ಮಾತ್ರೆ ತಯಾರಿಸುವ ಕಂಪನಿಯೇ, ಕೊಳ್ಳಲಾಗದವರಿಗೆ ಅದನ್ನು ಪುಕ್ಕಟೆ ಕೊಡುತ್ತದಂತೆ. ಆಸ್ಪತ್ರೆಯ ಸಹಾಯ ವಿಭಾಗದಲ್ಲಿ ಕೇಳಬೇಕಂತೆ. ಅತ್ತೆಯನ್ನೂ ಕರೆದುಕೊಂಡು ಹೋದೆ. ಎಕ್ಸ್‌ರೇ ಕೋಣೆ ದಾಟಿ, ಕೆಟ್ಟ ಲಿಫ್ಟಿನ ಪಕ್ಕದಲ್ಲಿ ಅದು. ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು, ಒಬ್ಬರು ಕೆಮ್ಮಿದರೆ ಸಾಲಿಗೆ ಸಾಲೇ ನಡುಗುತ್ತದೆ. ಕೌಂಟರಿನ ಮೇಡಂ ಮಾತಿಗೊಮ್ಮೆ ಜಾರುವ ಕನ್ನಡಕವನ್ನು ಮೇಲೇರಿಸುತ್ತಿದ್ದರು. ನನಗೆ ತಡೆಯಲಿಲ್ಲ. "ಒಂದು ನಿಮಿಷ ಕೊಡಿ ಮೇಡಂ" ಅಂದವಳೇ ಪರ್ಸಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಎರಡೂ ಕಡ್ಡಿ ಬಿಗಿಮಾಡಿ ಕೊಟ್ಟೆ. ಲಂಚವಲ್ಲ, ಕಸುಬಿನ ಚಟ. ಅವರು ಹಾಕಿಕೊಂಡು ಒಮ್ಮೆ ತಲೆಯಾಡಿಸಿ ನೋಡಿ ನಕ್ಕರು. ಆಮೇಲೆ ಅದೇ ಕನ್ನಡಕದಲ್ಲಿ ನಮ್ಮ ಅರ್ಜಿ ಓದಿ ನಗು ನಿಲ್ಲಿಸಿದರು.

ವಿಷಯ ಇಷ್ಟು: ಸಹಾಯಕ್ಕೆ ಆದಾಯದ ಒಂದು ಗೆರೆ ಇದೆ. ನನ್ನ ಸಂಬಳ ಗೆರೆಯ ಒಳಗೇ ಮುದುರಿ ಮಲಗುತ್ತದೆ. ನಿಮ್ಮದನ್ನು ಸೇರಿಸಿದರೆ ಕಾಲು ಗೆರೆಯಾಚೆ ಚಾಚುತ್ತದೆ. ಅಮ್ಮನ ಮಾತ್ರೆಗೆಂದೇ ನೀವು ದೂರ ಹೋಗಿ ಹಿಡಿದ ಕೆಲಸ, ಆ ಕೆಲಸದ ದೆಸೆಯಿಂದಲೇ ಅಮ್ಮನಿಗೆ ಮಾತ್ರೆ ಇಲ್ಲ! ನಗಬೇಕೋ ಅಳಬೇಕೋ ತಿಳಿಯದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮೇಡಂ ಒಳ್ಳೆಯವರು. ದನಿ ತಗ್ಗಿಸಿ, "ನಿಮ್ಮ ಯಜಮಾನ್ರು ಜೊತೆಗಿದ್ದಾರಾ? ಮನೆಗೆ ಹಣ ಕೊಡ್ತಾರಾ? ಇಲ್ಲ ಅಂದ್ರೆ ಅವರ ಸಂಬಳ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ" ಅಂದರು. ನನ್ನ ಬಾಯಿಪಾಠ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಸುಮ್ಮನೆ ಕೂತಿದ್ದ ಅತ್ತೆ, ತರಕಾರಿಯ ರೇಟು ಹೇಳುವ ದನಿಯಲ್ಲಿ, "ಬರ್ಕೊಳ್ಳಮ್ಮ. ಅವನು ನಮ್ಮನ್ನ ಬಿಟ್ಟು ಹೋಗಿದ್ದಾನೆ" ಅಂದುಬಿಟ್ಟರು.

ಮೇಡಂ ಪೆನ್ನು ಎತ್ತಿ ನನ್ನ ಕಡೆ ನೋಡಿದರು. "ಹೌದಾ?" ಅಂದರು. ನಾನು ತಲೆಯಾಡಿಸಿದೆ. ಮಾತ್ರೆ ಮುಖ್ಯ ತಾನೇ, ಮರ್ಯಾದೆ ಆಮೇಲೆ. ಅವರು ಬರೆದುಕೊಂಡರು, ಅತ್ತೆಯ ಕೈಯಿಂದ ರುಜು ಹಾಕಿಸಿದರು, ಕುಡಿಯಲು ನೀರು ತರಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೋ ಉಕ್ಕುವ ನಗು. "ಅತ್ತೆ, ನೀವು ನಾಟಕದ ಕಂಪನಿ ಸೇರಬೇಕಿತ್ತು! ಅತ್ತೆಯ ಅಭಿನಯ, ಆಸ್ಪತ್ರೆ ತನ್ಮಯ!" ಅಂದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಅಭಿನಯ ಮನೇಲಿ ಮಾಡ್ತೀನಿ ಕಣೇ, ಪಕ್ಕದ ಮನೆಯವಳ ಮುಂದೆ. ಔಷಧಿ ಕೊಡೋ ಜಾಗದಲ್ಲಿ ಯಾರಾದರೂ ಸುಳ್ಳು ಹೇಳ್ತಾರಾ?" ಅಂದರು. ಸ್ವಲ್ಪ ದೂರ ಹೋದ ಮೇಲೆ, "ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ, ಅದಕ್ಕೇ ಹೇಳಿರಲಿಲ್ಲ" ಅಂದರು. ನಾನು ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲು ಎದ್ದು ಹೋದೆ. ಚಿಲ್ಲರೆ ಆಗಲೇ ಕೊಟ್ಟಾಗಿತ್ತು.

ಮಾತ್ರೆ ಮಂಜೂರಾಯಿತು, ಒಂದು ವರ್ಷಕ್ಕೆ. ಮೊದಲ ಡಬ್ಬಿ ಶುಕ್ರವಾರ ಕೈಗೆ ಬಂತು. ಅತ್ತೆ ಅಂಗೈಯಲ್ಲಿಟ್ಟುಕೊಂಡು ನೋಡಲಿಲ್ಲ, ನೀರು ಕುಡಿದು ನುಂಗಿದರು, ಅಷ್ಟೇ. ಪಕ್ಕದ ಮನೆಯಾಕೆ ಕೇಳಿದರೆ ಈಗಲೂ ಮಗನ ಮಾತ್ರೆಯೇ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಯಂತ್ರಗಳ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಂತೆ, ಅತ್ತೆ ಒಳಗಿನಿಂದಲೇ ಕೂಗಿ ಬರೆಸುತ್ತಿದ್ದಾರೆ. ಅವರ ಆಶೀರ್ವಾದವನ್ನೂ ಬರೆಯಲೇ ಅಂತ ಕೇಳಿದೆ. "ಅದು ಹೇಳದಿದ್ರೂ ಇರುತ್ತೆ" ಅಂದರು. ಇದೆ ಅಂತಲೇ ಓದಿಕೊಳ್ಳಿ.

ಇಂತಿ,
ಬೆನ್ನಿನ ಚಿಂತೆ ಇನ್ನೂ ಬಿಡದ
ನಿಮ್ಮವಳು

ತಾ.ಕ.: ಅಂಚೆಗೆ ಹಾಕುವ ಮೊದಲು ಇದೊಂದು. ನೀವು ಮನೆಗೆ ಬಂದರೆ, ಅಥವಾ ಹಣ ಕಳಿಸಲು ಶುರುಮಾಡಿದರೆ, ತಕ್ಷಣ ತಿಳಿಸಬೇಕು, ಮತ್ತೆ ಲೆಕ್ಕ ಹಾಕುತ್ತೇವೆ ಅಂತ ಮೇಡಂ ಹೇಳಿದ್ದಾರೆ. ಹಾಗಂತ, ಬರದೇ ಇರುವುದೇ ಅಮ್ಮನಿಗೆ ಮಾಡುವ ಉಪಕಾರ ಅಂದುಕೊಳ್ಳಬೇಡಿ. ಬರುವುದಾದರೆ ಬನ್ನಿ, ಮೇಡಂಗೆ ನಾನೇ ಹೋಗಿ ಹೇಳುತ್ತೇನೆ. ಬರುವುದಿಲ್ಲವಾದರೆ ಅತ್ತೆಗೆ ನೀವೇ ಬರೆಯಿರಿ, ನನ್ನ ಕೈಯಲ್ಲಿ ಹೇಳಿಸಬೇಡಿ. ಸಹಾಯ ವಿಭಾಗಕ್ಕೆ ಹೋಗುವ ಹಿಂದಿನ ದಿನ ನಿಮ್ಮ ಕಂಪನಿಗೆ ಫೋನ್ ಮಾಡಿದ್ದೆ. ಸಂಬಳ ಒಂದು ತಿಂಗಳೂ ನಿಂತಿಲ್ಲವಂತೆ.