ಅಮ್ಮ ಆರಿಸಿದ ಚಾವಣಿ

ಅಪ್ಪ,

ಪ್ರತಿ ಬೇಸಿಗೆ ಕ್ಯಾಂಪಿಗೆ ಹೋದಾಗ ನಾವು ಉಂಡು ಮಲಗುತ್ತಿದ್ದ ನಿನ್ನ ಟ್ರೇಲರ್ ಇವತ್ತು ಮನೆಯ ಪಕ್ಕದಿಂದ ಹೊರಟಿತು. ನೀನಿಲ್ಲದ ಮೊದಲ ಚಳಿಗಾಲ. ಹಿಮ ಬೀಳುವ ಮುಂಚೆ ಅದನ್ನು ಬಾಡಿಗೆ ಕೊಟ್ಟು ನಿಲ್ಲಿಸಲು ಅಮ್ಮನೂ ನಾನೂ, ಚಳಿಗಾಲಕ್ಕೆ ಇಂಥ ಗಾಡಿಗಳನ್ನು ಇಟ್ಟುಕೊಳ್ಳುವ ಟ್ವೈಲಾಳ ಜಾಗಕ್ಕೆ ಹೋದೆವು.

ಬಯಲಲ್ಲಿ ನಿಲ್ಲಿಸುವ ಮಾತೇ ಇರಲಿಲ್ಲ. ನೆಬ್ರಾಸ್ಕದ ಆಲಿಕಲ್ಲು ನಿನಗೇ ಗೊತ್ತು. ಉಳಿದದ್ದು ಬಾಗಿಲು ಹಾಕಿದ ಶೆಡ್ಡು, ಇಲ್ಲವೇ ಕಂಬದ ಮೇಲಿನ ಬರೀ ತಗಡಿನ ಚಾವಣಿ. ನಾನು ಶೆಡ್ಡೇ ಸರಿ ಅಂದೆ.

“ಶೆಡ್ಡಾದ್ರೆ ಗೇಟಲ್ಲಿ ಬಿಟ್ಟೋಗಿ, ನಮ್ಮೋರೇ ಟ್ರ್ಯಾಕ್ಟರಲ್ಲಿ ತಳ್ಳಿ ನಿಲ್ಲಿಸ್ತಾರೆ,” ಅಂದಳು ಟ್ವೈಲಾ.

ಅಮ್ಮ ಮುಖ ಗಂಟಿಕ್ಕಿದಳು. “ಚಾವಣಿ ಕೆಳಗೆ?”

“ಅಲ್ಲಿ ನೀವೇ ರಿವರ್ಸ್ ತಗೋಬೇಕು.”

“ಹಂಗಾದ್ರೆ ಅದನ್ನೇ ಕೊಡಮ್ಮ. ಇಷ್ಟು ವರ್ಷ ಟ್ರೇಲರ್ ಹಿಂದೆ ನಿಂತು ದಾರಿ ತೋರ್ಸಿ ಕೈ ಬೀಸಿದ್ದು ಸುಮ್ನೆನಾ?”

ನಾನು ಪಿಕಪ್ ಓಡಿಸಿದೆ. ಅಮ್ಮ ನಿನ್ನ ಕಿತ್ತಳೆ ಟೋಪಿ ಹಾಕಿಕೊಂಡು ಹಿಂದೆ ನಿಂತು ಎರಡೂ ಕೈ ಬೀಸಿದಳು. ಪ್ರತಿ ಕ್ಯಾಂಪಿನಲ್ಲೂ ನೀನು ಕಿಟಕಿಯಿಂದ ಅಮ್ಮನಿಗೆ “ಆರ್ಲಿಸ್, ಮರ ಕಾಣ್ಸಲ್ವೇನೇ ನಿಂಗೆ?” ಎಂದು ಕೂಗುತ್ತಿದ್ದೆ, ಅವಳು ಊಟದವರೆಗೂ ಮಾತು ಬಿಡುತ್ತಿದ್ದಳು. ನಾನು ಕನ್ನಡಿಯಲ್ಲಿ ಅವಳ ಕೈಯನ್ನೇ ನೋಡುತ್ತ ಹಿಂದಕ್ಕೆ ಹೋದೆ. ಎರಡು ಕಂಬಗಳ ನಡುವೆ ಟ್ರೇಲರ್ ಒಂದೇ ಸಲಕ್ಕೆ ಕೂತಿತು.

“ನೋಡ್ದ್ಯಾ? ನಾನು ಹೇಳ್ದಂಗೆ ಕೇಳಿದ್ರೆ ಇಷ್ಟೇ ಕಣೇ!” ಎಂದು ಹಿಗ್ಗಿದಳು. ಆದರೆ ಎತ್ತಿದ ಕೈ ಇಳಿಸಲಿಲ್ಲ. ಪಿಕಪ್ಪಿನ ಕಿಟಕಿಯನ್ನೇ ನೋಡುತ್ತ ನಿಂತಳು.

ನಾನು ಗಾಜು ಇಳಿಸಿ ಕೂಗಿದೆ: “ಆರ್ಲಿಸ್, ಮರ ಕಾಣ್ಸಲ್ವೇನೇ ನಿಂಗೆ?”

ಸುತ್ತ ಕಣ್ಣು ಹಾಯುವಷ್ಟು ದೂರ ಒಂದೂ ಮರವಿರಲಿಲ್ಲ. ಅಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೇ ಅವಳು ಕೈ ಇಳಿಸಿದ್ದು.