ಕೌದಿಯ ಲೆಕ್ಕದಲ್ಲಿ ತಪ್ಪೆಲ್ಲಿದೆ, ತೋರಿಸಿ

ವಿಚಾರಣೆ ಮುಗಿಸಿ ಕೈತೊಳೆದುಕೊಂಡ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳ ಬಲಗೈಯ ಎರಡು ಬೆರಳು ಮುರಿದಿವೆ. ಮುರಿದವರು ಗಣಿತದ ಮಾಸ್ತರರು. ಅದಕ್ಕೆ ನೀವಿಟ್ಟ ಹೆಸರು 'ಶಿಸ್ತುಕ್ರಮ'. ಭಪ್ಪರೇ! ಮೂಳೆ ಮುರಿಯುವುದಕ್ಕೆ ಇಷ್ಟು ಚೆಂದದ ಶಬ್ದ ಯಾವ ಸುತ್ತೋಲೆಯಲ್ಲಿ ಸಿಕ್ಕಿತು?

ವಿದ್ಯಾಶ್ರೀ ಹತ್ತನೆಯ ಇಯತ್ತೆ. ನಾನು ಕೌದಿ ಹೊಲಿಯುವವಳು. ಹಳೆಯ ಸೀರೆಯ ತುಂಡುಗಳ ನಡುವೆಯೇ ಅವಳು ಬೆಳೆದಳು. ಲಂಬಕೋನ ತ್ರಿಭುಜದ ಪ್ರಮೇಯ ಸಾಧಿಸೆಂದು ಮಾಸ್ತರರು ಕರೆದಾಗ, ಗೈಡಿನಲ್ಲಿದ್ದುದನ್ನು ಬಿಟ್ಟು ಬೋರ್ಡಿನ ಮೇಲೆ ಕೌದಿ ಬರೆದಳು. ಚೌಕದ ನಾಲ್ಕು ಮೂಲೆಗೆ ಒಂದೇ ಅಳತೆಯ ನಾಲ್ಕು ತ್ರಿಭುಜ ಇಟ್ಟರೆ ನಡುವೆ ಓರೆ ಬದಿಯ ಚೌಕ ಉಳಿಯುತ್ತದೆ. ಅವೇ ತುಂಡುಗಳನ್ನು ಎರಡೆರಡು ಜೋಡಿಸಿ ಸರಿಸಿದರೆ ಉಳಿದೆರಡು ಬದಿಗಳ ಎರಡು ಚೌಕ ಉಳಿಯುತ್ತವೆ. ಬಟ್ಟೆ ಅದೇ, ತುಂಡು ಅವೇ. ಉಳಿದ ಜಾಗ ಹೆಚ್ಚುಕಡಿಮೆ ಹೇಗಾದೀತು? ಗಣಿತದಲ್ಲಿ ಮೂರು ಸಲ ನಪಾಸಾದ ನನಗೂ ತಿಳಿಯಿತು. ಮನೆಯಲ್ಲಿ ಅವಳು ಅದನ್ನು ಹಾಸಿ ತೋರಿಸಿದ ದಿನ ಮೈ ಜುಮ್ಮೆಂದಿತ್ತು.

"ಚಿಂದಿ ಹೊಲಿಯೋರ ಬುದ್ಧಿ ಇಲ್ಲಿ ತೋರಸ್ತಿ ಏನ?" ಎಂದರು ಮಾಸ್ತರರು.

"ತಪ್ಪ ಎಲ್ಲೈತಿ ಹೇಳ್ರಿ ಸರ್" ಎಂದಳು.

ಇಷ್ಟೇ ಅವಳ ಅಪರಾಧ. ಬೆಂಚಿನ ಮೇಲೆ ಕೈ ಇಡಿಸಿ, ಕಟ್ಟಿಗೆಯ ಅಳತೆಪಟ್ಟಿ ಸೀಳುವವರೆಗೂ ಹೊಡೆದರು. ರಕ್ತ ಸೋರುವ ಕೈಯನ್ನು ಮಡಿಲಲ್ಲಿಟ್ಟುಕೊಂಡು ದುಂಡಸಿಯಿಂದ ಶಿಗ್ಗಾಂವಿಯ ಆಸ್ಪತ್ರೆವರೆಗೆ ಬಸ್ಸಿನಲ್ಲಿ ಕೂತಳು, ಒಮ್ಮೆಯೂ ಅಳಲಿಲ್ಲ.

ಮುಚ್ಚಿಡುವುದೇಕೆ? ಮರುದಿನ ನಾನು ಬಟ್ಟೆ ಕತ್ತರಿ ಹಿಡಿದು ಹೊರಟಿದ್ದೆ. ಆ ಕೈ ಸಿಕ್ಕಿದ್ದರೆ ಬೆರಳು ಬೆರಳಾಗಿ ಕತ್ತರಿಸುತ್ತಿದ್ದೆ. ಬಾಗಿಲಿಗೆ ಅಡ್ಡ ನಿಂತವಳು ಅವಳೇ.

"ಬ್ಯಾಡವ್ವ. ಅವರು ಹೊಡದ್ರ ಸರಿ ಇದ್ದದ್ದು ತಪ್ಪಾಗೂದಿಲ್ಲ. ನೀ ಕಡದ್ರ ಇನ್ನಷ್ಟು ಸರಿನೂ ಆಗೂದಿಲ್ಲ."

ಕತ್ತರಿ ಕೆಳಗಿಟ್ಟೆ. ಯಾರ ಹೊಡೆತಕ್ಕೂ, ಯಾರ ಕುರ್ಚಿಗೂ ಅಂಜದ್ದು ಈ ಲೋಕದಲ್ಲಿ ಒಂದಾದರೂ ಇದೆ, ಅದು ಗಣಿತ ಎಂದು ಅಂದು ಕಲಿತೆ.

ಆಮೇಲೆ ನಿಮ್ಮ ವರದಿ ಬಂತು: 'ವಿದ್ಯಾರ್ಥಿನಿಯ ವಿಧಾನ ಮಾನ್ಯವಲ್ಲ.' ಕಾರಣ? ಗೈಡಿನಲ್ಲಿಲ್ಲ! ಅಳತೆಪಟ್ಟಿಯಿಂದ ಆಗದ್ದು ನಿಮ್ಮ ಮೊಹರಿನಿಂದ ಆಯಿತು, ಸ್ವಾಮಿ. ಈಗ ಅವಳು ತುಂಡುಗಳನ್ನು ಮುಟ್ಟುವುದಿಲ್ಲ. "ಅವ್ವಾ, ನಂದ ತಪ್ಪಿತ್ತೇನು?" ಎಂದು ದಿನಾ ಕೇಳುತ್ತಾಳೆ.

ನೀವು ಕೊಡುತ್ತೇವೆಂದ ಪರಿಹಾರದ ಹಣ ನಿಮಗೇ ಇರಲಿ. ಸೋಮವಾರ ಆ ಮಾಸ್ತರರೊಡನೆ ಅದೇ ತರಗತಿಗೆ ಬನ್ನಿ. ಎಲ್ಲ ಮಕ್ಕಳೆದುರು ತಪ್ಪು ತೋರಿಸಿ. ತೋರಿಸಿದರೆ ನನ್ನ ಹತ್ತೂ ಬೆರಳು ಬೆಂಚಿನ ಮೇಲಿಡುತ್ತೇನೆ, ಮುರಿಯಿರಿ. ತೋರಿಸಲಾಗದಿದ್ದರೆ, ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ: "ನಿಂದ ಸರಿ ಐತಿ, ತಂಗಿ."

ಇಂತಿ,
ನಿಮ್ಮ ಕಡತದಲ್ಲಿ ಬರೀ 'ದೂರುದಾರಳು' ಆಗಿ ಉಳಿದ
ಶೇಖವ್ವ